ಹಳ್ಳಿಖೇಡದಾಗ ರತ್ನಮಾಲಾ ತೆಗೆದ ಗ್ರೂಪ್ ಫೋಟೋ

ನಾರಾಯಣಪುರದ ಸುಂದರಬಾಯಿಯ ಮಗಳು ರತ್ನಮಾಲಾ ದಿನಾ ಬೆಳಿಗ್ಗೆ ಬಸವಕಲ್ಯಾಣಕ್ಕೆ ಬಂದು, ಅಲ್ಲಿಂದ ಹುಮನಾಬಾದಿನ ಬಸ್ಸು ಹಿಡಿದು ಕೆಲಸಕ್ಕೆ ಹೋಗುತ್ತಾಳೆ. ತಾಯಿ ಇನ್ನೊಬ್ಬರ ಹೊಲದಲ್ಲಿ ಕಳೆ ತೆಗೆಯುವವಳು. ಮಗಳೂ ಪಿಯುಸಿ ಮುಗಿದ ಮೇಲೆ ಸ್ವಲ್ಪ ದಿನ ತಾಯಿಯ ಬೆನ್ನಿಗೆ ಹೊಲಕ್ಕೆ ಹೋದವಳೇ. ಆಮೇಲೆ ಹುಮನಾಬಾದಿನಲ್ಲಿ ಗಯಾಸುದ್ದೀನ್ ಚಾಚಾನ ಫೋಟೋ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂಡುವ ಕೆಲಸ ಸಿಕ್ಕಿತು.

ಕೆಲಸ ಏನೆಂದರೆ, ಗುಂಪಿನಿಂದ ಜನರನ್ನು ಬಿಡಿಸುವುದು. ಹಳ್ಳಿಯಲ್ಲಿ ಹಿರಿಯರು ತೀರಿಕೊಂಡರೆ ಹಾರ ಹಾಕಲು ಒಂದು ಫೋಟೋ ಬೇಕಲ್ಲ? ಬದುಕಿದ್ದಾಗ ಒಬ್ಬರೇ ಕೂತು ಫೋಟೋ ತೆಗೆಸಿಕೊಂಡವರು ಎಷ್ಟು ಮಂದಿ ಇದ್ದಾರು! ಮಕ್ಕಳು ಯಾವುದೋ ಮದುವೆಯ ಗ್ರೂಪ್ ಫೋಟೋ ಹಿಡಿದುಕೊಂಡು ಬರುತ್ತಾರೆ. "ಇವರೊಬ್ಬರನ್ನ ತಗೀರಿ, ಹಿಂದ ನೀಲಿ ಬಣ್ಣ ಹಾಕ್ರಿ" ಅನ್ನುತ್ತಾರೆ. ರತ್ನಮಾಲಾ ಮೌಸ್ ಹಿಡಿದು ರುಮಾಲಿನ ಅಂಚು, ಕಿವಿಯ ಅಂಚು, ಭುಜದ ಅಂಚು ನಿಧಾನವಾಗಿ ಸುತ್ತಿ ಬಂದು ಆ ಅಜ್ಜನನ್ನು ಬೇರೆ ಮಾಡುತ್ತಾಳೆ. ದೂರ ನಿಂತವರಾದರೆ ಸಲೀಸು. ಒತ್ತಿ ನಿಂತವರಾದರೆ ಪಕ್ಕದವರ ಮೊಣಕೈ ಅಡ್ಡ ಬರುತ್ತದೆ, ಬೇರೆ ಯಾರದೋ ಅಂಗಿಯ ತೋಳು ತಂದು ಅಂಟಿಸಬೇಕಾಗುತ್ತದೆ. ಇದನ್ನೇ ಮಾಡಿ ಮಾಡಿ ಅವಳ ಕಣ್ಣಿಗೆ ಅದೇ ರೂಢಿ ಬಿದ್ದಿತ್ತು. ಬಸ್ ಸ್ಟ್ಯಾಂಡಿನಲ್ಲಿ ಜನ ನಿಂತಿದ್ದರೂ, ಇವರಲ್ಲಿ ಯಾರನ್ನು ಬೇಗ ಬಿಡಿಸಬಹುದು ಎಂದು ನೋಡುತ್ತಿದ್ದಳು.

ಕೈ ಮೌಸಿನ ಮೇಲಿದ್ದರೂ ಮನಸ್ಸು ಮಾತ್ರ ಕ್ಯಾಮೆರಾದ ಮೇಲೆ. ಮದುವೆ, ಮುಂಜಿ ಎಂದು ಹೊರಗೆ ಹೋಗುತ್ತಿದ್ದವನು ಚಾಚಾನ ಮಗ ಒವೈಸ್. "ನನಗೂ ಒಮ್ಮೆ ಕಳಸ್ರಿ ಚಾಚಾ" ಎಂದು ಅವಳು ಕೇಳಿದಾಗಲೆಲ್ಲ, "ನೀ ಮೇಜು ಬಿಟ್ಟು ಎದ್ರ ಇಲ್ಲಿ ಕೆಲಸ ಯಾರು ಮಾಡ್ಬೇಕು ಬೇಟಿ?" ಎಂದು ಚಾಚಾ ಮಾತು ಹಾರಿಸುತ್ತಿದ್ದ.

ಒಂದು ದಿನ ಹಾಗೆ ಹಾರಿಸಲು ಆಗಲಿಲ್ಲ. ಬಸವಕಲ್ಯಾಣದಲ್ಲಿ ಮದುವೆ, ಅದೇ ದಿನ ಹಳ್ಳಿಖೇಡದಲ್ಲಿ ಒಂದು ಮಗುವಿನ ಜಾವಳ, ಮೊದಲ ಕೂದಲು ತೆಗೆಸುವ ಕಾರ್ಯ. ಎರಡಕ್ಕೂ ಚಾಚಾ ಮಾತು ಕೊಟ್ಟುಬಿಟ್ಟಿದ್ದ. ಒವೈಸ್ ಮದುವೆಗೆ ಹೋದ. ಚಾಚಾನ ಮೊಣಕಾಲು ಬಾತು ಕುಂಬಳಕಾಯಿ ಆಗಿತ್ತು. ಅಲಮಾರಿಯಿಂದ ಹಳೆಯ ಕ್ಯಾಮೆರಾ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಅವಳ ಕೈಗೆ ಕೊಟ್ಟ.

"ಒಂದೇ ಒಂದು ಗ್ರೂಪ್ ಫೋಟೋ. ಚಂದ ಬಂತಂದ್ರ ಇನ್ನ ಮ್ಯಾಲ ಹೊರಗಿನ ಕೆಲಸಕ್ಕ ನಿನ್ನೂ ಕಳಸ್ತೀನಿ. ಕೆಟ್ಟಿತಂದ್ರ ಮತ್ತ ಕ್ಯಾಮೆರಾದ ಹೆಸರು ತಗೀಬಾರದು ನೋಡು."

"ಹೂಂರಿ ಚಾಚಾ" ಎಂದಳು. ಬಸ್ಸಿನಲ್ಲಿ ಕ್ಯಾಮೆರಾದ ಚೀಲ ತೊಡೆಯಿಂದ ಕೆಳಗಿಡಲಿಲ್ಲ.

ಹಳ್ಳಿಖೇಡದ ಆ ಮನೆ ಯಶೋದಾಬಾಯಿಯದು. ಗಂಡ ತೀರಿಕೊಂಡಿದ್ದ. ಹಿರಿಯ ಮಗ ನಾಗನಾಥ ಕಬ್ಬು ಬೆಳೆಯುತ್ತಾನೆ, ಕಿರಿಯ ಅಂಬರೀಷ ಆ ಕಬ್ಬನ್ನು ಟ್ರ್ಯಾಕ್ಟರಿನಲ್ಲಿ ಫ್ಯಾಕ್ಟರಿಗೆ ಹೊಡೆಯುತ್ತಾನೆ. ಹಿರಿಯ ಸೊಸೆ ಜಗದೇವಿ, ಅವಳಿಗೆ ಶಾಲೆಗೆ ಹೋಗುವ ಗಂಡುಮಕ್ಕಳು. ಕಿರಿಯ ಸೊಸೆ ಮೀನಾ, ಜಾವಳ ಅವಳ ಮಗಳದು. ಕೂದಲು ತೆಗೆಯುವ ಮೊದಲೇ, ಮಗುವಿನ ತಲೆ ತುಂಬ ಕೂದಲಿರುವಾಗಲೇ, ಎಲ್ಲರೂ ಕೂಡಿದ ಫೋಟೋ ಬೇಕೆಂಬುದು ಮನೆಯವರ ಆಸೆ. ಕೂದಲು ತೆಗೆಸಲು ಮಗುವನ್ನು ತೊಡೆಯ ಮೇಲೆ ಕೂಡಿಸಿಕೊಳ್ಳಬೇಕಾದ ಸೋದರಮಾವ ಇನ್ನೂ ದಾರಿಯಲ್ಲಿದ್ದ. ಅವನು ಬಂದ ಕೂಡಲೇ ಕತ್ತರಿ ಬೀಳುವುದು. ಕ್ಷೌರದವನು ಕಟ್ಟೆಯ ಮೇಲೆ ಕೂತು ಕತ್ತಿ ಮಸೆಯುತ್ತಿದ್ದ.

ಒವೈಸ್ ಆಗಿದ್ದರೆ ಜನರನ್ನು ಭುಜ ಹಿಡಿದು ಎಳೆದು ನಿಲ್ಲಿಸುತ್ತಿದ್ದ. ರತ್ನಮಾಲಾಗೆ ಧೈರ್ಯ ಬರಲಿಲ್ಲ. ಅವಳು ಅಂಗಳಕ್ಕೆ ಬಂದಾಗಲೇ ನೆರೆಮನೆಯ ಒಬ್ಬಾಕೆ ಯಾವ ಊರು, ಯಾವ ಓಣಿ ಎಂದು ಕೇಳಿದ್ದಳು. ಓಣಿ ಹೇಳಿದ ಮೇಲೆ "ಹಾಂ" ಎಂದು ಸೆರಗು ಸರಿಮಾಡಿಕೊಂಡು ಆಚೆ ಸರಿದಿದ್ದಳು. ಹಾಗಾಗಿ ರತ್ನಮಾಲಾ ದೂರದಲ್ಲೇ ನಿಂತು, ನೀವು ಇತ್ಲಾಗ ಬರ್ರಿ, ನೀವು ಅತ್ಲಾಗ ಸರೀರಿ ಎಂದು ಕೈಸನ್ನೆ ಮಾಡಿದಳು.

"ಅಲ್ಲೇ ನಿಂತು ಏನ್ ಕೈ ಬೀಸಾಕತ್ತಿ ಯವ್ವಾ?" ಎಂದಳು ಯಶೋದಾಬಾಯಿ. "ನಾವೇನು ಜೋಳದಾಗಿನ ಗುಬ್ಬಿ ಏನು, ಹಾರಿ ಹೋಗಾಕ?"

ಎಲ್ಲರೂ ನಕ್ಕರು. ರತ್ನಮಾಲಾ ಎತ್ತರ ನೋಡಿ ಸಾಲು ಹಚ್ಚಿದಳು. ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಒಂದೊಂದು ಗೇಣು ಜಾಗ ಬಿಡಿಸಿದಳು. ಎತ್ತರದ ಲೆಕ್ಕದಲ್ಲಿ ಮೀನಾ ತನ್ನ ಭಾವ ನಾಗನಾಥನ ಪಕ್ಕಕ್ಕೇ ಬಂದಳು. ಭಾವನ ಮುಂದೆ ಮುಖ ತೋರಿಸದ ಸೊಸೆ, ಸೆರಗು ಮೂಗಿನ ತನಕ ಎಳೆದುಕೊಂಡು ಗೋಡೆಯ ಕಡೆ ತಿರುಗಿದಳು. ಯಾಕೆಂದು ರತ್ನಮಾಲಾ ಕೇಳಲಿಲ್ಲ. ಬಟನ್ ಒತ್ತಿಬಿಟ್ಟಳು.

"ನೋಡೋಣ, ತೋರಸು" ಎಂದು ನಾಗನಾಥ ಬಂದ. ಆ ಪುಟ್ಟ ಪರದೆಯ ಮೇಲೆ ಎಲ್ಲರ ತಲೆಗಳೂ ಬಗ್ಗಿದವು. ಅಂಗಳದ ಬೇವಿನ ಮರದ ಎಲೆಗಳ ಸಂದಿಯ ಬಿಸಿಲು ಮುಖದ ಮೇಲೆಲ್ಲ ಚುಕ್ಕೆ ಚುಕ್ಕೆಯಾಗಿ ಬಿದ್ದಿತ್ತು.

"ಫ್ಯಾಕ್ಟರಿ ಮುಂದ ಟ್ರ್ಯಾಕ್ಟರ್ ಪಾಳಿ ಹಚ್ಚಿ ನಿಂತಂಗ ಅದ" ಎಂದ ಅಂಬರೀಷ.

"ನೋಡಿದೋರು ಇವರ ಮನಿ ಪಾಲಾಗ್ಯಾದ ಅಂತಾರ" ಎಂದಳು ಜಗದೇವಿ.

ನಾಗನಾಥ ಕೇಳಿದ, "ಇಷ್ಟು ದೂರ ದೂರ ಯಾಕ ನಿಲ್ಲಸಿದಿ ತಂಗಿ?"

ರತ್ನಮಾಲಾ ಹಿಂದೆಮುಂದೆ ನೋಡದೆ ಇದ್ದದ್ದನ್ನೇ ಹೇಳಿದಳು. "ಮುಂದ ಯಾರದಾದ್ರೂ ಒಬ್ಬರದೇ ಬೇಕಾದ್ರ ಬಿಡಸಾಕ ಸಲೀಸ್ ಆಗ್ತದ್ರಿ."

ಕತ್ತಿ ಮಸೆಯುವ ಸಪ್ಪಳ ನಿಂತಿತು. ಒಬ್ಬರದೇ ಫೋಟೋ ಯಾವಾಗ ಬೇಕಾಗುತ್ತದೆ ಎಂದು ಅಲ್ಲಿ ಯಾರಿಗೆ ಗೊತ್ತಿಲ್ಲ? ಮೀನಾ ಮಗುವನ್ನು ಎದೆಗೆ ಒತ್ತಿಕೊಂಡಳು.

"ಜಾವಳದ ದಿನ ಇದೇನ್ ಮಾತು!" ನಾಗನಾಥನ ಮುಖ ಕೆಂಪಾಯಿತು. "ಚೀಲದಾಗ ಹಾಕು ಕ್ಯಾಮೆರಾ. ಚಾಚಾಗ ಫೋನ್ ಹಚ್ತೀನಿ, ಬ್ಯಾರೆ ಯಾರನ್ನರ ಕಳಸ್ಲಿ."

ಅವನು ಫೋನ್ ತೆಗೆದೇಬಿಟ್ಟ. ಆ ಒಂದು ಫೋನು ಹೋಯಿತೆಂದರೆ ಮುಗಿಯಿತು, ಆಮೇಲೆ ರತ್ನಮಾಲಾಗೆ ಮೇಜೇ ಗತಿ.

"ಫೋನ್ ಇಡು ನಾಗೂ" ಎಂದು ಯಶೋದಾಬಾಯಿ ಎದ್ದು ಒಳಗೆ ಹೋದಳು. ಗೋಡೆಯ ಮೇಲಿದ್ದ ಗಂಡನ ಫೋಟೋ ಇಳಿಸಿಕೊಂಡು ಬಂದು ರತ್ನಮಾಲಾಳ ಕೈಗೇ ಕೊಟ್ಟಳು. ನೀಲಿ ಬಣ್ಣದ ಮುಂದೆ ರುಮಾಲು ಸುತ್ತಿದ ಗಂಡಸು. ಭುಜದ ಮೇಲೆ ಯಾರದೋ ಬೆರಳುಗಳು ಉಳಿದುಬಿಟ್ಟಿದ್ದವು, ಹಸಿರು ಬಳೆಯ ಒಂದು ಚೂರಿನ ಸಮೇತ.

ಇಂಥ ಕಡೆ ರತ್ನಮಾಲಾಳ ಕಣ್ಣು ಮೊದಲು ಅಲ್ಲಿಗೇ ಹೋಗುವುದು. "ಇದನ್ನ ಅಳಸಾಕ ಬರ್ತದ್ರಿ ಆಯಿ. ನಾ ಮಾಡಿ ಕೊಡ್ತೀನಿ."

"ಯಾಕ ಅಳಸ್ತಿ? ಅವು ನನ್ನ ಬೆರಳು." ಯಶೋದಾಬಾಯಿ ಸೆರಗಿನಿಂದ ಗಾಜು ಒರೆಸಿದಳು. "ಈ ನಾಗೂನ ಮದುವ್ಯಾಗ ತಗದದ್ದು. ಫೋಟೋದವ ಯಜಮಾನ್ರ ಹೆಗಲಮ್ಯಾಲ ಕೈ ಇಡ್ರಿ ಅಂದ. ಅಷ್ಟು ಮಂದಿ ಮುಂದ ನನಗ ನಾಚಿಕಿ. ಇವರು ಹಿಂದ ತಿರುಗಿ, ಇಡು, ಏನು ಸುಡ್ತದೇನು ಅಂದ್ರು. ಇಟ್ಟೆ. ಆಮ್ಯಾಲ ಇವರೊಬ್ಬರನ್ನೇ ಬಿಡಿಸಿ ಕೊಟ್ಟಾತ, ಬೆರಳು ಪೂರ್ತಿ ಹೋಗಿಲ್ಲ, ಮತ್ತ ಮಾಡಿ ಕೊಡ್ತೀನಿ ಅಂದ. ಬ್ಯಾಡಪ್ಪಾ, ಇರಲಿ ಅಂದೆ."

ನಾಗನಾಥ ಫೋನನ್ನು ಕಿಸೆಗೆ ಹಾಕಿದ. ಅವನಿಗೂ ಈ ಸಂಗತಿ ಗೊತ್ತಿರಲಿಲ್ಲ ಎಂದು ಕಾಣುತ್ತದೆ.

"ಈಕಿ ಸುಳ್ಳು ಹೇಳಿಲ್ಲ. ನಂದೂ ಒಂದಿನ ಬೇಕಾಗ್ತದ" ಎಂದಳು ಮುದುಕಿ. "ಆದ್ರ ಈಗ ಒತ್ತಿ ಕೂಡಸು. ಬಿಡಸಾಕ ಕೂಡಾಕಿ ನೀನೇ ಹೌದಲ್ಲೋ? ಅವತ್ತು ಕೂತು ತಿಣುಕಾಡು, ಕಣ್ಣು ಉರೀಲಿ ನಿಂದು!"

ಮೊದಲು ಅಂಬರೀಷ ನಕ್ಕ, ಆಮೇಲೆ ಕ್ಷೌರದವನು, ಕೊನೆಗೆ ನಾಗನಾಥನೂ. ಯಶೋದಾಬಾಯಿ ಕೈ ಚಾಚಿದಳು. "ಬಾ, ನನ್ನ ಕೈ ಹಿಡಿ. ಎಲ್ಲಿ ಕೂಡಬೇಕು ಹೇಳು."

ರತ್ನಮಾಲಾ ಹತ್ತಿರ ಹೋಗಿ ಅವಳ ಮೊಣಕೈ ಹಿಡಿದಳು. ಬೇವಿನ ನೆರಳು ಬಿಡಿಸಿ ಪಡಸಾಲೆಯ ಅಂಚಿಗೆ ಕರೆದುಕೊಂಡು ಹೋಗಿ ಕುರ್ಚಿಯ ಮೇಲೆ ಕೂಡಿಸಿದಳು, ಸೆರಗು ಸರಿಮಾಡಿದಳು. ಮೊಮ್ಮಕ್ಕಳನ್ನು ಅಜ್ಜಿಯ ಮೊಣಕಾಲಿಗೆ ಒರಗಿಸಿದಳು. ಆಮೇಲೆ ಮೀನಾಳ ಬಳಿ ಬಂದು ಮೆಲ್ಲಗೆ ಕೇಳಿದಳು, "ಅಕ್ಕಾ, ನಿಮಗ ಎಲ್ಲಿ ನಿಂತ್ರ ಚಲೋ?"

"ಭಾವನೋರ ಬಾಜೂಕ ಬ್ಯಾಡ್ರಿ. ಜಗದೇವಕ್ಕನ ಆಚಿ ಕಡಿ ನಿಲ್ಲಸ್ರಿ, ಮುಖ ತೋರಸ್ತೀನಿ" ಎಂದಳು ಮೀನಾ.

ಜಗದೇವಿಯನ್ನು ನಡುವೆ ತಂದ ಕೂಡಲೇ ಮೀನಾಳ ಸೆರಗು ಹಿಂದಕ್ಕೆ ಸರಿಯಿತು. ಅವಳು ಅಕ್ಕನ ತೋಳಿನಲ್ಲಿ ಕೈ ಹಾಕಿ ನಿಂತಳು. ಮಗು ಅಜ್ಜಿಯ ತೊಡೆ ಏರಿತು. ಅಷ್ಟರಲ್ಲಿ ಬೈಕಿನ ಹಾರ್ನ್ ಕೇಳಿತು, ಸೋದರಮಾವ ಬಂದ. ಎಲ್ಲರೂ ಅತ್ತ ತಿರುಗಿದರು. ರತ್ನಮಾಲಾ ಅವಸರ ಮಾಡಲಿಲ್ಲ. ಒಬ್ಬೊಬ್ಬರಾಗಿ ಮತ್ತೆ ಇತ್ತ ತಿರುಗುವ ತನಕ ಕಾದಳು, ಮಗುವೂ ತಿರುಗಿದ ಮೇಲೆ ಒತ್ತಿದಳು. ಇರಲಿ ಎಂದು ಇನ್ನೊಮ್ಮೆ ಒತ್ತಿದಳು.

ಮರುದಿನ ಚಾಚಾ ಆ ಫೋಟೋವನ್ನು ಪರದೆಯ ತುಂಬ ದೊಡ್ಡದು ಮಾಡಿ ನೋಡಿದ. ಅಂಗಡಿಯವನ ಕಣ್ಣಲ್ಲವೇ, ಬೆರಳು ತಾನಾಗಿ ಮುದುಕಿಯ ಸುತ್ತ ಗೆರೆ ಎಳೆಯಲು ಹೋಯಿತು. ಗಲ್ಲದ ಮೇಲೆ ಮಗುವಿನ ಕೂದಲು ಹಾರಿತ್ತು, ಮೊಣಕಾಲಿಗೆ ಮೊಮ್ಮಗನ ತಲೆ, ಕೊರಳ ಹತ್ತಿರ ಮಗನ ಕೈ.

"ಯಾ ಅಲ್ಲಾ! ಇದರಾಗ ಒಬ್ಬರನ್ನೂ ಬಿಡಸಾಕ ಬರಂಗಿಲ್ಲಲ್ಲ ಬೇಟಿ."

"ಹೌದ್ರಿ ಚಾಚಾ. ಅವರು ಹಂಗೇ ಬೇಕಂದ್ರು."

ಚಾಚಾ ಇನ್ನೂ ಹತ್ತಿರ ಬಗ್ಗಿದ. "ಈ ಸಣ್ಣ ಹುಡುಗನ ಒಂದು ಕಣ್ಣು ಅರ್ಧ ಮುಚ್ಯಾದ ನೋಡು. ಮುಂದಿನ ಸಲ ಕಣ್ಣಿನ ಮ್ಯಾಲ ಧ್ಯಾನ ಇರ್ಲಿ."

"ಮುಂದಿನ ಸಲ ಅಂದ್ರ ಯಾವಾಗ್ರಿ?"

ಚಾಚಾ ಕನ್ನಡಕ ತೆಗೆದು ಅವಳ ಮುಖ ನೋಡಿದ. ನಗು ಬಂದರೂ ನಗಲಿಲ್ಲ. "ಐತವಾರ ಗೋರ್ಟಾದಾಗ ತೊಟ್ಟಿಲ ಕಾರ್ಯ ಅದ. ಒವೈಸ್ ಗಾಡಿ ಹೊಡೀತಾನ. ಕ್ಯಾಮೆರಾ ನಿನ್ನ ಕಡಿ ಇರ್ಲಿ."

ಐತವಾರ ಇನ್ನೂ ದೂರವಿತ್ತು. ರತ್ನಮಾಲಾ ಆಗಲೇ ಎದ್ದು ಹೋಗಿ ಕ್ಯಾಮೆರಾದ ಬ್ಯಾಟರಿ ತೆಗೆದು ಚಾರ್ಜಿಗೆ ಹಚ್ಚಿದಳು.

"ಅಲ್ಲಿ ತನಕ ಹಚ್ಚಿದ್ರ ಅದು ಉಬ್ಬಿ ಹೋಗ್ತದ ಬೇಟಿ" ಎಂದ ಚಾಚಾ.

"ಸಂಜಿಗೆ ತಗೀತೀನ್ರಿ" ಎಂದಳು ಅವಳು.