ಮೂರು ಸಲ ಮುಚ್ಚಿದ ದೂರು

ವಾಡಿಯಲ್ಲಿ ನಾವಿರುವ ಕ್ವಾರ್ಟರ್ಸಿನಲ್ಲಿ ಕರೆಂಟ್ ಹೋಗುವುದಿಲ್ಲ. ಸಿಮೆಂಟ್ ಕಾರ್ಖಾನೆಗೆ ಸ್ವಂತ ಪವರ್‌ಹೌಸ್ ಇದೆ, ಅಪ್ಪ ಅಲ್ಲಿ ಎಲೆಕ್ಟ್ರಿಷಿಯನ್. ನನ್ನ ತಂಗಿ ಏಳನೇ ಇಯತ್ತೆಗೆ ಬರುವವರೆಗೆ ಮೇಣದಬತ್ತಿ ಎಂದರೆ ಕೇಕಿನ ಮೇಲೆ ಬೆಳೆಯುವ ಬೆಳೆ ಎಂದುಕೊಂಡಿದ್ದಳು. ಅವಳ ವಿಷಯದಲ್ಲಿ ಅರ್ಧ ನಾನು ಸೇರಿಸಿದ್ದು. ಕರೆಂಟಿನ ಮಾತು ಮಾತ್ರ ಪೂರ್ತಿ ನಿಜ. ಈಗ ಆ ಮಾತನ್ನು ಯಾರ ಮುಂದೆಯೂ ಹೇಳಿಕೊಳ್ಳುವುದಿಲ್ಲ.

ನನಗೆ ಆಗ ಹದಿನಾರು. ಆಫೀಸಿನವರು ಬೇಡವೆಂದು ಬಿಟ್ಟ ಕಂಪ್ಯೂಟರ್ ಒಂದು ನಮ್ಮ ಮನೆಗೆ ಬಂದಿತ್ತು. ಫೋನಿನ ತಂತಿಗೆ ಹಚ್ಚಿದರೆ ಮೋಡೆಮ್ ಎಂಥಾ ಕಿರುಚುತ್ತಿತ್ತೆಂದರೆ, ಜಂಕ್ಷನ್ನಿನಲ್ಲಿ ನಿಂತ ಗೂಡ್ಸ್ ಗಾಡಿ ತನ್ನನ್ನೇ ಕರೆದರೆಂದು ಹೊರಟುಬಿಡಬೇಕು. ಆ ತಂತಿಯ ಆಚೆ ನಾನೊಂದು ದೊಡ್ಡ ಹುದ್ದೆ ಹಿಡಿದಿದ್ದೆ.

ಬರೆಯಲು ಬಳಸುವ ಒಂದು ಸಾಫ್ಟ್‌ವೇರ್ ಇತ್ತು. ಅದು ಯಾರೊಬ್ಬರ ಸ್ವತ್ತೂ ಅಲ್ಲ. ಬೇರೆ ಬೇರೆ ದೇಶದವರು ಬಿಡುವಿನಲ್ಲಿ ಕೂತು ಕಟ್ಟುತ್ತಿದ್ದರು, ಬೇಕಾದವರು ಪುಕ್ಕಟೆ ಒಯ್ಯುತ್ತಿದ್ದರು, ಒಳಗಿನ ಕೋಡನ್ನು ಯಾರಾದರೂ ತೆರೆದು ನೋಡಬಹುದಿತ್ತು. ಏನಾದರೂ ಕೆಟ್ಟರೆ ಜನ ಸೈಟಿನಲ್ಲಿ ದೂರು ಬರೆಯುತ್ತಿದ್ದರು. ನನಗೆ ಕೋಡ್ ಬರೆಯಲು ಬರುತ್ತಿರಲಿಲ್ಲ, ದೂರು ವಿಂಗಡಿಸಲು ಅದು ಬರಬೇಕಾಗಿಯೂ ಇರಲಿಲ್ಲ. ದೂರು ಓದಬೇಕು, ನಮ್ಮ ಯಂತ್ರದಲ್ಲೂ ಹಾಗೇ ಆಗುತ್ತದೆಯೇ ಎಂದು ಮಾಡಿ ನೋಡಬೇಕು, ಆಮೇಲೆ ಒಂದು ಚೀಟಿ ಹಚ್ಚಬೇಕು: ‘ನಿಜ’, ಇಲ್ಲವೇ ‘ಮೊದಲೇ ಬಂದಿದೆ’, ಇಲ್ಲವೇ ‘ನನ್ನಲ್ಲಿ ಕಾಣಿಸಲಿಲ್ಲ’. ‘ನಿಜ’ ಎಂದದ್ದು ಕೋಡ್ ಬರೆಯುವವರಿಗೆ ಹೋಗುತ್ತದೆ. ಉಳಿದದ್ದು ಅಲ್ಲೇ ಮುಚ್ಚಿಹೋಗುತ್ತದೆ.

ಮುಚ್ಚುವುದರಲ್ಲಿ ನನ್ನನ್ನು ಮೀರಿಸಿದವರು ಭೂಮಿಯ ಮೇಲೆ ಇರಲಿಲ್ಲ. ಊಟಕ್ಕೆ ಅವ್ವ ಕರೆದು ನಾನು ಏಳುವಷ್ಟರಲ್ಲಿ ನಾಲ್ಕು ದೂರು ಮಣ್ಣಾಗುತ್ತಿದ್ದವು. ಎಲ್ಲೋ ಹಿಮ ಬೀಳುವ ದೇಶದಲ್ಲಿದ್ದ ಮುಖ್ಯಸ್ಥ ಒಮ್ಮೆ ‘ಪಟ್ಟಿ ಹಗುರಾಯಿತು, ಧನ್ಯವಾದ’ ಎಂದು ಬರೆದ. ಅದನ್ನು ಪ್ರಿಂಟ್ ತೆಗೆಸಿ ಅಪ್ಪ ಓದುವ ಪೇಪರಿನ ನಡುವೆ ಇಟ್ಟೆ. ನನ್ನ ಊರು ಯಾವುದೆಂದು ಸೈಟಿನಲ್ಲಿ ತುಂಬಿರಲಿಲ್ಲ. ಖಾಲಿ ಬಿಟ್ಟರೆ ಲಂಡನ್ ಎಂದುಕೊಳ್ಳುತ್ತಾರೆ ಎಂಬ ಆಸೆ. ಮೀಸೆ ಇನ್ನೂ ನೆರಳಿನಷ್ಟಿದ್ದಾಗಲೇ ಜನ ನನಗೆ ‘ಸರ್’ ಎನ್ನುತ್ತಿದ್ದರು.

ಆ ದೂರು ಬಂದದ್ದು ಚಿಂಚೋಳಿಯಿಂದ. ಮುರುಕು ಇಂಗ್ಲಿಷಿನಲ್ಲಿತ್ತು. ನನ್ನದೂ ಮುರುಕೇ, ಆದರೆ ನಾನು ದಪ್ಪ ಶಬ್ದಗಳನ್ನು ಹಾಕಿ ಬಿರುಕು ಮುಚ್ಚುತ್ತಿದ್ದೆ. ‘ಬಹಳ ಪುಟ ಬರೆದಿದ್ದೆ. ಕರೆಂಟ್ ಹೋಯಿತು. ಬಂದ ಮೇಲೆ ನೋಡಿದರೆ ಫೈಲಿನ ಹೆಸರು ಇದೆ, ಒಳಗೆ ಏನೂ ಇಲ್ಲ.’ ಕೊನೆಗೆ ಪೋಸ್ಟ್ ಕಾರ್ಡಿನಲ್ಲಿ ಬರೆಯುವಂತೆ ತನ್ನ ಪೂರ್ತಿ ವಿಳಾಸ ಕೊಟ್ಟಿದ್ದ: ಬಸ್ ನಿಲ್ದಾಣದ ಹಿಂದಿನ ಟೈಪಿಂಗ್ ಕ್ಲಾಸು.

ನಾನು ಒಂದು ಫೈಲಿನಲ್ಲಿ ಬರೆದೆ, ಉಳಿಸಿದೆ, ಮುಚ್ಚಿದೆ, ತೆರೆದೆ. ಎಲ್ಲಾ ಇತ್ತು. ‘ನನ್ನಲ್ಲಿ ಕಾಣಿಸಲಿಲ್ಲ’ ಎಂದು ಮುಚ್ಚಿದೆ.

ಕೆಲವು ದಿನ ಬಿಟ್ಟು ಅವನು ದೂರನ್ನು ಮತ್ತೆ ತೆರೆದ. ‘ಮತ್ತೆ ಹಾಗೇ ಆಯಿತು ಸರ್. ನಮ್ಮ ಅಬ್ಬಾ ಎರಡನೇ ಸಲ ಎಲ್ಲಾ ಹೇಳಿ ಬರೆಸಿದ್ದರು. ಅವರಿಗೆ ವಯಸ್ಸಾಗಿದೆ. ದಯವಿಟ್ಟು ಮುಚ್ಚಬೇಡಿ.’ ಯಾರೋ ಮುದುಕನ ಕಥೆ ಎಂದುಕೊಂಡೆ. ಎಲ್ಲರೂ ಓದುವ ಜಾಗವಲ್ಲವೇ, ನಾಲ್ಕು ಜನ ನಗಲಿ ಎಂದು ಕೆಳಗೆ ಬರೆದೆ: ‘ನಿಮ್ಮ ಕಂಪ್ಯೂಟರಿನಲ್ಲಿ ದೆವ್ವ ಸೇರಿಕೊಂಡಿದೆ. ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿ ನೋಡಿ.’ ಮುಚ್ಚಿದೆ.

ಮೂರನೇ ಸಲ ದೂರು ತೆರೆದುಕೊಂಡಾಗ ಅದರಲ್ಲಿ ಒಂದು ಅಕ್ಷರವೂ ಇರಲಿಲ್ಲ. ಬರೀ ತೆರೆದಿತ್ತು. ಒಂದು ಸೀನು ಬರುವಷ್ಟರಲ್ಲಿ ಮುಚ್ಚಿದೆ. ಮತ್ತೆ ತೆರೆಯಲಿಲ್ಲ.

ಒಂದು ತಿಂಗಳು ಕಳೆದಿರಬೇಕು. ಅಪ್ಪ ಮೊದಲ ಪಾಳಿ ಮುಗಿಸಿ ಬಂದು ಊಟಕ್ಕೆ ಕೂತಿದ್ದ. ಅವನನ್ನು ನಗಿಸಲು ಆ ದೂರನ್ನು ಚಿಂಚೋಳಿಯವನ ಇಂಗ್ಲಿಷಿನಲ್ಲೇ ಅಣಕಿಸಿ ಓದಿದೆ. ದೆವ್ವದ ಸಾಲನ್ನು ಎರಡು ಸಲ ಓದಿದೆ. ಅಪ್ಪ ನಗಲಿಲ್ಲ.

“ನೀ ಏನ ಮಾಡಿ ನೋಡ್ದಿ?” ಎಂದ.

“ಎಲ್ಲಾ ಮಾಡ್ದೆಪಾ. ಬರದೆ, ಸೇವ್ ಮಾಡ್ದೆ, ಬಂದ್ ಮಾಡ್ದೆ, ತಗದೆ. ಎಲ್ಲಾ ಅದ.”

“ಆಂವ ಕರೆಂಟ್ ಹೋತು ಅಂತ ಬರದಾನ.”

“ನಮ್ಮಲ್ಲಿ ಕರೆಂಟ್ ಹೋಗಂಗಿಲ್ಲಲ್ಲ!”

“ಹೋಗಂಗಿಲ್ಲಂತ ಯಾರ ಹೇಳ್ಯಾರಲೇ ನಿನಗ? ಅಲ್ಲಿ ಎಂಟ ಮಂದಿ ನಿಂತು ಹೋಗಗೊಡಂಗಿಲ್ಲ, ಅದಕ್ಕ ಹೋಗಂಗಿಲ್ಲ. ಬರಿ ಏನರ.”

ನಾನು ಮುಚ್ಚಿದ ದೂರುಗಳ ಪಟ್ಟಿಯನ್ನು ಅದೇ ಸಾಫ್ಟ್‌ವೇರಿನಲ್ಲಿ ಇಟ್ಟುಕೊಂಡಿದ್ದೆ. ನನ್ನ ಆಸ್ತಿ ಅದೊಂದೇ. ಅದನ್ನು ತೆರೆದು ಕೆಳಗೆ ಒಂದು ಸಾಲು ಸೇರಿಸಿ ಉಳಿಸಲು ಒತ್ತಿದೆ. ಅದೇ ಗಳಿಗೆಗೆ ಅಪ್ಪ ಎಂಜಲು ಕೈಯನ್ನು ಹಿಂದೆ ಹಿಡಿದು, ಎಡಗೈಯಿಂದ ಗೋಡೆಯ ಪ್ಲಗ್ ಕಿತ್ತ. ಪರದೆ ಕಪ್ಪಾಯಿತು. ಆ ಕಪ್ಪಿನಲ್ಲಿ ನನ್ನ ಮುಖ ಕಂಡಿತು. ನಗು ಇನ್ನೂ ಅದರ ಮೇಲೆ ಉಳಿದಿತ್ತು.

ಮತ್ತೆ ಹಚ್ಚಿದಾಗ ಫೈಲಿನ ಹೆಸರು ಇತ್ತು. ಒಳಗೆ ಏನೂ ಇರಲಿಲ್ಲ.

“ಈಗ ದೆವ್ವ ಯಾರ ಮನ್ಯಾಗ ಅದ?” ಎಂದು ಕೇಳಿ ಅಪ್ಪ ಊಟಕ್ಕೆ ಕೂತ.

ಅವತ್ತೇ ದೂರನ್ನು ತೆರೆದು ‘ನಿಜ’ ಎಂದು ಬರೆದೆ. ಎರಡೇ ದಿನದಲ್ಲಿ ಯಾರೋ ಕಾರಣ ಹಿಡಿದರು. ಸಾಫ್ಟ್‌ವೇರ್ ಹಳೆಯದನ್ನು ಮೊದಲು ಚೆಲ್ಲಿ, ಆಮೇಲೆ ಹೊಸದನ್ನು ತುಂಬುತ್ತಿತ್ತು. ನಡುವೆ ಕರೆಂಟ್ ಹೋದರೆ ಎರಡೂ ಇಲ್ಲ. ಸರಿಪಡಿಸಿದವರು ನನಗೆ ಧನ್ಯವಾದ ಹೇಳಿದರು. ಅದನ್ನು ಪ್ರಿಂಟ್ ತೆಗೆಸಲಿಲ್ಲ. ಮೊದಲ ದಿನವೇ ‘ನಿಜ’ ಎಂದಿದ್ದರೆ, ಸರಿಯಾಗುವವರೆಗೆ ಬೇರೆ ಹೆಸರಿನಲ್ಲಿ ಇನ್ನೊಂದು ನಕಲು ಇಟ್ಟುಕೊಳ್ಳಿ ಎಂದು ಅವನಿಗೆ ಒಂದು ಸಾಲು ಹೋಗುತ್ತಿತ್ತು. ಎರಡನೇ ಸಲ ಹೇಳಿ ಬರೆಸಿದ್ದು ಉಳಿಯುತ್ತಿತ್ತು. ಈಗ ಆ ಸಾಲನ್ನು ಮೂರು ಸಲ ಬರೆದು ಕಳಿಸಿದೆ. ಉತ್ತರ ಬರಲಿಲ್ಲ.

“ಚಿಂಚೋಳಿ ಏನ ಪರದೇಶದಾಗ ಅದೇನು?” ಎಂದ ಅಪ್ಪ. ಅವನ ರಜೆಯ ದಿನ ಹೊಸ ಸಾಫ್ಟ್‌ವೇರಿನ ಸಿಡಿ ಹಿಡಿದುಕೊಂಡು ಸೇಡಂವರೆಗೆ ರೈಲಿನಲ್ಲಿ, ಅಲ್ಲಿಂದ ಬಸ್ಸಿನಲ್ಲಿ ಹೋದೆವು. ಬಸ್ಸು ಎಷ್ಟು ಕುಣಿಯಿತೆಂದರೆ ನಾನು ಕೂತದ್ದಕ್ಕಿಂತ ಗಾಳಿಯಲ್ಲಿ ಇದ್ದದ್ದೇ ಹೆಚ್ಚು. ದಾರಿಯುದ್ದಕ್ಕೂ ಕ್ಷಮೆಯ ಭಾಷಣ ತಯಾರಿಸಿದೆ. ಅದರಲ್ಲೂ ಅಲ್ಲಲ್ಲಿ ನಾನೇ ಮಿಂಚುತ್ತಿದ್ದೆ.

ಟೈಪಿಂಗ್ ಕ್ಲಾಸಿನವರು ಎದುರಿನ ಹೊಲಿಗೆ ಅಂಗಡಿಯಿಂದ ಅವನನ್ನು ಕರೆಸಿದರು. ನಲವತ್ತರ ಆಸುಪಾಸಿನ ದರ್ಜಿ, ಕೊರಳಲ್ಲಿ ಟೇಪು. ಸಾಫ್ಟ್‌ವೇರಿನ ಕಡೆಯವರು ಎಂದಾಗ ನನ್ನನ್ನು ಬಿಟ್ಟು ಅಪ್ಪನ ಕೈ ಹಿಡಿದ.

“ಬರ್ರಿ ಸಾಬ್, ಕುಂದ್ರಿ. ಇಷ್ಟ ದೂರ ಯಾಕ ತ್ರಾಸ ತಗೊಂಡ್ರಿ?”

“ನಾ ಅಲ್ಲ ಭಾಯಿ, ಇಂವ,” ಎಂದ ಅಪ್ಪ.

ಅವನು ನನ್ನನ್ನು ಚಪ್ಪಲಿಯಿಂದ ತಲೆಯವರೆಗೆ ಅಂಗಿಗೆ ಅಳತೆ ತೆಗೆದಂತೆ ನೋಡಿದ. ನನ್ನ ಭಾಷಣ ಅಲ್ಲೇ ಮರೆತುಹೋಯಿತು. ಫೈಲಿನಲ್ಲಿ ಏನಿತ್ತು ಎಂದಷ್ಟೇ ಕೇಳಿದೆ. “ತೋರಸ್ತೀನಿ ಬರ್ರಿ,” ಎಂದು ನಡೆಸಿಕೊಂಡು ಹೋದ.

ಊರ ಹೊರಗಿನ ಖಬರಸ್ತಾನ. ನೋಡಿಕೊಳ್ಳುವುದು ಅವನ ಮನೆತನದ ಕೆಲಸವಂತೆ. ಸಾಲು ಸಾಲು ಗೋರಿಗಳ ತಲೆಗೆ ಶಹಾಬಾದ್ ಕಲ್ಲುಗಳು ನಿಂತಿದ್ದವು. ಯಾವುದರ ಮೇಲೂ ಬರಹವಿಲ್ಲ.

“ಇಲ್ಲಿ ಯಾರ್ ಯಾರ್ ಇದ್ದಾರ ಅಂತ ಅಬ್ಬಾಗ ಒಬ್ರಿಗೇ ಗೊತ್ತಿತ್ರಿ. ಕಲ್ಲಿಗಿ ಕೈ ಹಚ್ಚಿ ಹೇಳ್ತಿದ್ರು. ಮೊದಲ ವಹಿದಾಗ ಬರದಿದ್ವಿ, ಗೆದ್ದಲ ತಿಂತು. ಕಂಪ್ಯೂಟರಿಗಿ ಗೆದ್ದಲ ಹತ್ತಂಗಿಲ್ಲ ಅಂದ್ರು, ಅದಕ್ಕ ಕಲತೆ. ಎರಡ ಸಲ ಪೂರಾ ಹೇಳಿದ್ರು. ಎರಡೂ ಸಲ ಹೋತು.”

“ಮೂರನೇ ಸಲ?” ಎಂದ ಅಪ್ಪ.

“ಮೂರನೇ ಸಲ ಕಾಗದದಾಗ ಬರಕೊಂಡೆ. ಆ ಬೇವಿನ ಗಿಡದ ತನಕ ಹೇಳಿದ್ರು. ದಮ್ಮು ಹತ್ತಿ ಕುಂತ್ರು. ಉಳಿದದ್ದು ನಾಳೆ ಹೇಳ್ತೀನಿ ಅಂದ್ರು.”

ಬೇವಿನ ಗಿಡದ ಈಚೆ ಒಂದು ಗೋರಿಯ ಮಣ್ಣು ಇನ್ನೂ ಹಸಿಯಾಗಿತ್ತು. ಯಾರದೆಂದು ನಾವು ಕೇಳಲಿಲ್ಲ. ಗಿಡದ ಆಚೆಯೂ ಕಲ್ಲುಗಳಿದ್ದವು, ಗೋಡೆಯವರೆಗೆ. ನಾನು ಎಣಿಸಲು ಹೋಗಿ ಬಿಟ್ಟೆ.

“ಆ ಮೂರನೇ ಸಲ ದೂರು ತಗದದ್ದು ನಾ ಅಲ್ರಿ,” ಎಂದ ಅವನು. “ಅಬ್ಬಾ ಕ್ಲಾಸಿಗಿ ಬಂದಿದ್ರು. ಎಲ್ಲಿ ಒತ್ತಬೇಕು ತೋರಸು ಅಂದ್ರು. ತಾವೇ ಒತ್ತಿದ್ರು. ಈಗ ಯಾರರ ನೋಡ್ತಾರ ಅಂದ್ರು.”

ಅವರು ಒತ್ತಿದ್ದಕ್ಕೆ ನಾನು ಕೊಟ್ಟದ್ದು ಒಂದು ಸೀನಿನಷ್ಟು ಹೊತ್ತು.

“ಈಗ ಸರಿ ಆಗ್ಯಾದೇನ್ರಿ?”

“ಆಗ್ಯಾದ್ರಿ,” ಎಂದು ಸಿಡಿ ಕೊಟ್ಟೆ.

“ಆತು. ಮುಂದಿನವರಿಗರ ಆಗ್ತದ.” ಸಿಡಿಯನ್ನು ಅಂಗಿಯ ಜೇಬಿಗೆ ಇಳಿಸಿಕೊಂಡ. ಆಮೇಲೆ ಕೇಳಿದ: “ದೆವ್ವ ಅದ, ನಿಂಬಿಹಣ್ಣ ಕಟ್ರಿ ಅಂತ ಬರದಿದ್ರಲ್ಲ, ಆ ಸರ್ ಯಾರ್ರಿ? ನೀವೇನು?”

ಅಪ್ಪ ನನ್ನನ್ನು ನೋಡಿದ. ಬೇರೆಯವರು ಮಾಡಿದ್ದನ್ನೂ ನನ್ನದೆಂದು ಹೇಳಿಕೊಂಡು ಬೆಳೆದ ನಾನು, ಹುಟ್ಟಿ ಮೊದಲ ಸಲ ನನ್ನದನ್ನು ನನ್ನದಲ್ಲ ಎಂದೆ.

“ಅವರು ಬ್ಯಾರೆಯವರ್ರಿ. ಈಗ ಬಿಟ್ಟಾರ.”

“ಸಿಕ್ಕರ ಹೇಳ್ರಿ ಅವರಿಗಿ. ಅದನ್ನ ಓದಿ ಹೇಳಿದಾಗ ಅಬ್ಬಾ ಭಾಳ ನಕ್ಕಿದ್ರು. ‘ದೆವ್ವ ಇದ್ರ ಛಲೋನೇ ಆತು ಬೇಟಾ, ಎಲ್ಲಾ ನನ್ನ ಗುರ್ತಿನವ್ರೇ’ ಅಂದ್ರು.”

ಅವನೂ ನಕ್ಕ. ಅಪ್ಪ ಬೇವಿನ ಗಿಡದ ಕಡೆ ನೋಡುತ್ತಿದ್ದ. ನನ್ನ ಜೀವಮಾನದ ಎಲ್ಲಾ ಚೇಷ್ಟೆಗಳಲ್ಲಿ ಅತಿ ದೊಡ್ಡ ನಗು ಗಿಟ್ಟಿಸಿದ್ದು ಅದೇ, ಮತ್ತು ಅದನ್ನು ನಾನು ಈಗಷ್ಟೇ ಬಿಟ್ಟುಕೊಟ್ಟಿದ್ದೆ.

ವಾಪಸು ಬರುವಾಗ ಸೇಡಂ, ಚಿತ್ತಾಪುರ ದಾಟಿತು. ವಾಡಿಯ ಪ್ಲಾಟ್‌ಫಾರ್ಮಿನ ಮೇಲೆ ಇಳಿದು ಅಪ್ಪ ಕಾರ್ಖಾನೆಯ ದೀಪಗಳನ್ನು ನೋಡುತ್ತ ಒಂದೇ ಮಾತು ಕೇಳಿದ: “ಆ ಸರ್ ಸಿಕ್ಕರ ಹೇಳ್ತಿಯೇನಲೇ?”

ಈಗ ನನಗೆ ಹತ್ತೊಂಬತ್ತು. ಇನ್ನೂ ದೂರು ವಿಂಗಡಿಸುತ್ತೇನೆ, ತಿಂಗಳಿಗೆ ಕೆಲವೇ ಕೆಲವು. ಯಾವುದನ್ನಾದರೂ ಮುಚ್ಚುವ ಮೊದಲು ಎದ್ದು ಹೋಗಿ ಪ್ಲಗ್ ಕಿತ್ತು ನೋಡುತ್ತೇನೆ, ಕರೆಂಟಿಗೂ ಅದಕ್ಕೂ ಸಂಬಂಧವೇ ಇಲ್ಲದಿದ್ದರೂ. ತಂಗಿ ಒಳಗಿನಿಂದ ಬೈಯುತ್ತಾಳೆ. ಪರದೆ ಕಪ್ಪಾದಾಗ ಬೇವಿನ ಗಿಡದ ಆಚೆಯ ಕಲ್ಲುಗಳು ಕಾಣುತ್ತವೆ. ಅವು ನನ್ನನ್ನು ಏನೂ ಕೇಳುವುದಿಲ್ಲ. ಅಕ್ಷರವಿಲ್ಲದೆ ಸುಮ್ಮನೆ ನಿಂತಿರುತ್ತವೆ. ಚಿಂಚೋಳಿಯ ವಿಳಾಸ ಇನ್ನೂ ಆ ದೂರಿನ ಕೊನೆಗೆ ಹಾಗೇ ಇದೆ. ನಾಲ್ಕು ಸಲ ಪೋಸ್ಟ್ ಕಾರ್ಡು ತಂದಿದ್ದೇನೆ. ‘ಆ ಸರ್ ಸಿಕ್ಕಿದ್ದಾರೆ’ ಎಂದು ಶುರು ಮಾಡುತ್ತೇನೆ. ಮುಂದಿನ ಸಾಲು ಬರುವುದಿಲ್ಲ.