ಮಟ್ಟಾಂಚೇರಿಯ ಗೋಡೆಯ ಮೇಲಿನ ಹಸೆ

ಮಕ್ಕಳೇ, ಸತ್ತವರು ಬಂದರು, ಕರೆದರು ಎಂದು ಯಾರಾದರೂ ಹೇಳತೊಡಗಿದರೆ ನಾನು ಎದ್ದು ಒಳಗೆ ಹೋಗಿಬಿಡುತ್ತಿದ್ದೆ. ಎದುರಾಡುವ ಧೈರ್ಯವಿರಲಿಲ್ಲ, ನಂಬಿಕೆಯೂ ಇರಲಿಲ್ಲ. ಈಗ ಅಂಥದ್ದನ್ನು ನಾನೇ ಬರೆಯುತ್ತಿದ್ದೇನೆ. ನೀವು ನಂಬಲೇಬೇಕೆಂದಿಲ್ಲ.

ಮೂರು ವರ್ಷದ ಹಿಂದೆ ನಿಮ್ಮಮ್ಮ ನನ್ನನ್ನು ಮುಂಬೈಯಿಂದ ದೊಡ್ಡ ಹಡಗಿನಲ್ಲಿ ಕರೆದೊಯ್ದಳಲ್ಲ, ಆಗಿನ ಮಾತು. ಶರಾವತಿಯ ಲಾಂಚಿನಲ್ಲೇ ಕಣ್ಣು ಮುಚ್ಚಿ ಕೂರುತ್ತಿದ್ದವಳು ನಾನು. ಹಡಗು ಕೊಚ್ಚಿಯಲ್ಲಿ ನಾಲ್ಕು ಗಂಟೆ ನಿಲ್ಲುತ್ತದೆ ಎಂದು ಕೇಳಿಯೇ ಒಪ್ಪಿದ್ದೆ.

ನನಗೊಬ್ಬಳು ಅಕ್ಕ ಇದ್ದಳು, ಗೌರಿ. ನಾವು ಕಾರ್ಗಲ್ ಹತ್ತಿರದ ಹಳ್ಳಿಯವರು. ಅಲ್ಲಿಗೆ ಕೆಲಸಕ್ಕೆ ಬಂದಿದ್ದ ಕೊಚ್ಚಿಯ ಬಡಗಿಯೊಬ್ಬನ ಜೊತೆ ಹೋಗುತ್ತೇನೆಂದು ಅವಳು ನನಗೊಬ್ಬಳಿಗೇ ಹೇಳಿದ್ದಳು. ನಾನು ಹೆದರಿ ಅಪ್ಪನಿಗೆ ಹೇಳಿಬಿಟ್ಟೆ. ಅಪ್ಪ ಅವಳಿಗೆ ಅಂಗಳದಲ್ಲೇ ಹೊಡೆದರು. ಮರುದಿನ ಅವಳು ಹೋಗಿಯೇಬಿಟ್ಟಳು. ಆಮೇಲೆ ಅವಳ ಹೆಸರನ್ನು ಯಾರೂ ಎತ್ತಲಿಲ್ಲ. ಅವಳು ನನ್ನನ್ನು ಕ್ಷಮಿಸಿದಳೇ ಎಂಬುದೊಂದೇ ನನಗೆ ತಿಳಿಯಬೇಕಿತ್ತು. ವಿಳಾಸವಿರಲಿಲ್ಲ.

ಕೊಚ್ಚಿಯಲ್ಲಿ ನಿಮ್ಮಮ್ಮನಿಗೆ ಒಂದೇ ಅವಸರ. "ಬೇಗ ಹೆಜ್ಜೆ ಹಾಕು ಅಮ್ಮ, ಹಡಗು ನಮ್ಮೂರ ಬಸ್ಸಲ್ಲ, ಕೈ ತೋರಿಸಿದ್ರೆ ನಿಲ್ಲಾಕೆ!" ಚರ್ಚು, ಮೀನಿನ ಬಲೆ, ಎಲ್ಲ ಓಡುತ್ತಲೇ ನೋಡಿದೆವು. ಮಟ್ಟಾಂಚೇರಿಯ ಅರಮನೆಗೆ ಬಂದಾಗ ನಾನು ಕಾಲುನೋವೆಂದು ಹೊರಗೇ ಕೂತೆ.

ಬಿಸಿಲಿನಲ್ಲಿ ಒಣಶುಂಠಿಯ ವಾಸನೆ ತೇಲಿ ಬರುತ್ತಿತ್ತು. ಯಾವಾಗ ಎದ್ದೆನೋ ತಿಳಿಯದು. ಯಾರನ್ನೂ ಕೇಳದೆ, ಶಾಲೆ ಬಿಟ್ಟು ಮನೆಗೆ ಹೋಗುವವಳಂತೆ ಓಣಿಯಿಂದ ಓಣಿಗೆ ತಿರುಗುತ್ತಾ ನಡೆದಿದ್ದೆ. ಸದ್ದೆಲ್ಲ ದೂರದಲ್ಲೆಲ್ಲೋ ಇತ್ತು. ಬೀಗ ಹಾಕಿದ ಒಂದು ಮನೆಯ ಮುಂದೆ ಕಾಲು ನಿಂತಿತು.

ಬಾಗಿಲ ಪಕ್ಕದ ಗೋಡೆಯ ಮೇಲೆ ಹಸೆ ಚಿತ್ತಾರವಿತ್ತು. ನಮ್ಮ ಕಡೆ ಮದುವೆಮನೆಯಲ್ಲಿ ಅಕ್ಕಿಹಿಟ್ಟು ಕಲಸಿ, ನಾರಿನ ಕುಂಚದಿಂದ ಬರೆಯುವಂಥದ್ದೇ.

ಪಕ್ಕದ ಮನೆಯಲ್ಲಿ ಬಟ್ಟೆ ಹರವುತ್ತಿದ್ದ ಹೆಂಗಸನ್ನು ಇದು ಯಾರ ಮನೆ ಎಂದು ಕೇಳಿದೆ. ಅವಳಿಗೆ ಕನ್ನಡ ಬರುತ್ತಿತ್ತು. ಮಂಗಳೂರಿನಲ್ಲಿ ಕೆಲಸ ಮಾಡಿದ್ದಳಂತೆ.

"ಅಲ್ಲಿ ಯಾರೂ ಇಲ್ಲಮ್ಮ. ಬಡಗಿಯ ಹೆಂಡತಿ ಗೌರಿಯಮ್ಮ ಒಬ್ರೇ ಇದ್ರು, ನಿಮ್ಮ ಕಡೆಯವ್ರೇ. ತೀರಿಹೋಗಿ ಆರು ವರ್ಷ ಆಯ್ತು."

"ಮತ್ತೆ ಈ ಹಸೆ ಬರ್ದಿದ್ದು ಯಾರು?"

"ಯಾವ್ದು?" ಎನ್ನುತ್ತಾ ಬಂದು ನೋಡಿದಳು. ಬಹಳ ಹೊತ್ತು ನೋಡಿ, "ಇದು ನಿನ್ನೆ ಇರ್ಲಿಲ್ಲ" ಎಂದು ಸೆರಗು ಬಿಗಿದುಕೊಂಡು ಒಳಗೆ ಹೋದಳು.

ಅಕ್ಕ ಹಸೆ ಬರೆಯುವಾಗ ಕೆಳಗಿನ ಮೂಲೆಯಲ್ಲಿ ಒಂದು ಗೆರೆ ಉಳಿಸಿ, "ಇದು ನಿಂದು ಕಣೇ, ಬಾ" ಎನ್ನುತ್ತಿದ್ದಳು. ಜಗಳವಾಡಿದ ದಿನವೂ ಉಳಿಸುತ್ತಿದ್ದಳು. ಬಗ್ಗಿ ನೋಡಿದೆ. ಆ ಮೂಲೆಯಲ್ಲಿ ಒಂದು ಗೆರೆ ಮಾತ್ರ ಇರಲಿಲ್ಲ.

ಮುಟ್ಟಿದೆ. ಹಿಟ್ಟು ಹಸಿಯಾಗಿತ್ತು. ನಿಮ್ಮಜ್ಜ ಹೋದ ಮೇಲೆ ನಾನು ಹಸೆ ಬರೆದಿರಲಿಲ್ಲ. ಬೆರಳಿಗೆ ಹತ್ತಿದ ಹಿಟ್ಟಿನಿಂದಲೇ ಆ ಗೆರೆ ಎಳೆದೆ.

ಅರಮನೆಯ ಬಳಿ ನಿಮ್ಮಮ್ಮ ಅಳುವಂತಾಗಿ ನಿಂತಿದ್ದಳು. ಎಲ್ಲಿಗೆ ಹೋಗಿದ್ದೆ ಎಂದು ಬೈದಳು. "ಹೀಗೇ" ಎಂದೆ. ಅವಳಿಗೂ ಇದನ್ನು ಹೇಳಿಲ್ಲ. ಯಾರೋ ನಮ್ಮ ಕಡೆಯವರು ಬಂದು ಬರೆದಿರಬಹುದು, ಇಲ್ಲವೇ ಬಿಸಿಲಿಗೆ ನನ್ನ ತಲೆಯೇ ತಿರುಗಿರಬಹುದು. ಆದರೆ ಆ ಹೆಂಗಸೂ ನೋಡಿದಳಲ್ಲ.

ಒಂದು ಮಾತಂತೂ ನಿಜ. ಒಡಹುಟ್ಟಿದವಳು ಸತ್ತ ಸುದ್ದಿ ಕೇಳಿದ ದಿನ ನಾನು ಅಳಲಿಲ್ಲ. ಹಡಗಿಗೆ ಹಿಂತಿರುಗಿ ಹೊಟ್ಟೆತುಂಬ ಉಂಡು, ಬೆಳಗಿನವರೆಗೂ ಮಲಗಿದೆ. ಅವಳು ಮನೆ ಬಿಟ್ಟ ಮೇಲಿನ ಐವತ್ತು ವರ್ಷದಲ್ಲಿ ಅಂಥ ನಿದ್ದೆ ಬಂದಿರಲಿಲ್ಲ.