ತಪ್ಪು ಹೇಳಿ ಕಾಯುತ್ತಿದ್ದವಳು

ಸುಟ್ಟ ಶೇಂಗಾಕಾಯಿಯ ವಾಸನೆ ಮೂಗಿಗೆ ಬಡಿದರೆ ಸಾಕು, ನನಗೆ ಈಗಲೂ ಸಿಟ್ಟು ಬರುತ್ತದೆ. ಚಳ್ಳಕೆರೆಯ ಎಣ್ಣೆ ಮಿಲ್ಲಿನ ಆಫೀಸಿನಲ್ಲಿ ಕೂತು ಸಂಬಳ ತೆಗೆದುಕೊಳ್ಳುವವಳು ಹೀಗೆ ಹೇಳಿದರೆ ಜನ ನಗುತ್ತಾರೆ. ಮಿಲ್ಲಿನ ವಾಸನೆ ಬೇರೆ, ಅದು ನನ್ನ ಸೀರೆಗೂ ಕೂದಲಿಗೂ ಅಂಟಿ ಯಾವ ಕಾಲವಾಯಿತೋ. ಮೊನ್ನೆ ಹಮಾಲರು ಗೋಡೌನಿನ ಹಿಂದೆ ಹಸಿ ಶೇಂಗಾವನ್ನು ಗಿಡದ ಸಮೇತ ಬೆಂಕಿಗೆ ಹಾಕಿ ಸುಡುತ್ತಿದ್ದರು. ನನಗೂ ಒಂದು ಬೊಗಸೆ ತಂದು ಮೇಜಿನ ಮೇಲಿಟ್ಟರು. ಆ ಕರಿ ಸಿಪ್ಪೆ ಕಂಡದ್ದೇ ತಡ, ಮೊಳಕಾಲ್ಮೂರಿನ ನಮ್ಮ ಮನೆಯ ಹೊಸ್ತಿಲ ಮೇಲೆ ಕೂತ ಆ ಹೆಂಗಸು ಕಣ್ಣ ಮುಂದೆ ಬಂದಳು...

ಅವಳು ನಮ್ಮ ಎದುರು ಮನೆಯವಳು. ನಮ್ಮ ಕೇರಿಯಲ್ಲಿ ಅರ್ಧ ಮಾತು ತೆಲುಗು, ಹಾಗಾಗಿ ಅವಳನ್ನು ಚಿಕ್ಕವರೆಲ್ಲ ಪೆದ್ದಮ್ಮ ಅಂತಲೇ ಕರೆಯುತ್ತಿದ್ದೆವು. ದೊಡ್ಡಮ್ಮ ಅನ್ನಿಸಿಕೊಳ್ಳುವಂಥ ದೊಡ್ಡತನವನ್ನು ನಾನಂತೂ ಅವಳಲ್ಲಿ ಕಾಣಲಿಲ್ಲ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕಂತೆ. ನನ್ನ ಕೈಯಲ್ಲಿ ಆಗದ ಕೆಲಸ ಅದು.

ಮಧ್ಯಾಹ್ನದ ಊಟ ಮುಗಿದ ಹೊತ್ತಿಗೆ ಸೆರಗಿನಲ್ಲಿ ಸುಟ್ಟ ಶೇಂಗಾ ಕಟ್ಟಿಕೊಂಡು ಬಂದು ಕೂರುವಳು. ನಮ್ಮ ಮುಂದೆಯೂ ಒಂದಿಷ್ಟು ಸುರಿಯುವಳು. ಸಿಪ್ಪೆ ಬಿಡಿಸುತ್ತ ಕೂತವರಿಗೆ ಬಾಯಿಯ ಮೇಲೆ ಕಾವಲಿರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಯಾವತ್ತೂ ಏನನ್ನೂ ನೇರವಾಗಿ ಕೇಳಿದವಳಲ್ಲ. ನೇರವಾಗಿ ಕೇಳಿದರೆ ಜನ ಹುಷಾರಾಗುತ್ತಾರೆ. ಬೇಕೆಂದೇ ಒಂದು ತಪ್ಪು ಮಾತು ಆಡಿ ಸುಮ್ಮನಾಗುವಳು. ಪಕ್ಕದ ಮನೆಯ ಸೊಸೆ ಜಗಳವಾಡಿ ತವರಿಗೆ ಹೋದಳಂತೆ ಎಂದರೆ, ಕೇಳಿದವರು ಛೇ ಜಗಳವಲ್ಲ ಎಂದು ಶುರು ಮಾಡಿ ಇದ್ದದ್ದನ್ನೆಲ್ಲ ಒಪ್ಪಿಸಿಬಿಡುತ್ತಿದ್ದರು. ಅವಳು ನಡುವೆ ಬಾಯಿ ಹಾಕುತ್ತಿರಲಿಲ್ಲ, ಒಂದರ ಮೇಲೊಂದು ಕೇಳುತ್ತಿರಲಿಲ್ಲ. ಕಾಯಿ ಒಡೆಯುತ್ತ ಕಾಯುತ್ತಿದ್ದಳು, ಅಷ್ಟೇ. ಬೇರೆ ಊರಿನಲ್ಲಿ ಈ ಉಪಾಯ ಎಷ್ಟು ನಡೆಯುತ್ತಿತ್ತೋ ಗೊತ್ತಿಲ್ಲ. ನಮ್ಮದು ರೇಷ್ಮೆ ಸೀರೆ ನೇಯುವವರ ಕೇರಿ. ಒಂದು ಎಳೆ ತಪ್ಪಿದರೂ ಬಿಚ್ಚಿ ಮತ್ತೆ ನೇಯುವ ಜನ. ತಪ್ಪನ್ನು ಕಂಡೂ ಸುಮ್ಮನಿರುವುದು ನಮಗೆ ಬರುವುದಿಲ್ಲ. ಅವಳು ಹಿಡಿದದ್ದು ಆ ಜುಟ್ಟನ್ನೇ.

ಅಕ್ಕನಿಗೆ ರಾಂಪುರದಿಂದ ಒಂದು ಸಂಬಂಧ ಬಂದಿತ್ತು. ಹುಡುಗನದು ಮೋಟಾರು ರಿಪೇರಿ ಅಂಗಡಿ. ನೋಡಲು ಬಂದಾಗ ಅವನು ಉಪ್ಪಿಟ್ಟಿನ ತಟ್ಟೆಯಿಂದ ತಲೆಯನ್ನೇ ಎತ್ತಲಿಲ್ಲ ಎಂದು ನಾನು ಆಡಿಕೊಂಡರೆ ಅಕ್ಕ ನನ್ನ ಮೇಲೆ ರೇಗಿದಳು. ಆಗಲೇ ನನಗೆ ತಿಳಿಯಿತು, ಅವನು ಅವಳಿಗೆ ಹಿಡಿಸಿದ್ದಾನೆ.

ನಮ್ಮ ಮನೆಯಲ್ಲಿ ಮುಚ್ಚಿಟ್ಟ ವಿಷಯವೊಂದಿತ್ತು. ಅಕ್ಕನಿಗೆ ಚಿಕ್ಕವಳಿದ್ದಾಗ ಮೂರ್ಛೆ ಬರುತ್ತಿತ್ತು. ಬಳ್ಳಾರಿಯ ಡಾಕ್ಟರು ಕೊಟ್ಟ ಗುಳಿಗೆಯಿಂದ ಪೂರ್ತಿ ವಾಸಿಯಾಗಿ ವರ್ಷಗಳೇ ಕಳೆದಿದ್ದವು. ವಾಸಿಯಾದದ್ದನ್ನು ಹೇಳಿ ಯಾಕೆ ಹೆದರಿಸುವುದು, ಹುಡುಗನ ಕಡೆಯವರಿಗೆ ಹೇಳುವುದು ಬೇಡ ಎಂದಿದ್ದಳು ಅವ್ವ. ಸರಿಯೋ ತಪ್ಪೋ, ಅದು ನಮ್ಮ ಮನೆಯ ಮಾತು. ಅಕ್ಕ ಬಿದ್ದಾಗಲೆಲ್ಲ ಬಿಸಿಲು ಬಡಿದದ್ದು ಎಂದು ಕೇರಿಯವರಿಗೆ ಹೇಳಿದ್ದೆವು. ಪೆದ್ದಮ್ಮ ಅದನ್ನು ನಂಬಿರಲಿಲ್ಲ.

ನಿಶ್ಚಿತಾರ್ಥಕ್ಕೆ ಇನ್ನೇನು ದಿನ ನೋಡಬೇಕು, ಆಗ ಬಂದು ಕೂತಳು. ಅಪ್ಪ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಸೀರೆಯ ಅಂಚನ್ನು ಒಡಲಿಗೆ ಸೇರಿಸುತ್ತಿದ್ದ. ಆ ಕೆಲಸದಲ್ಲಿ ಕಣ್ಣು, ಬೆರಳು, ಮನಸ್ಸು ಎಲ್ಲವೂ ಎಳೆಯ ಮೇಲೆಯೇ ಇರುತ್ತವೆ, ಬಾಯಿ ತನ್ನಷ್ಟಕ್ಕೆ ತಾನು ಮಾತಾಡುತ್ತದೆ.

"ಹುಡುಗೀಗೆ ಆವಾಗ ಗಾಳಿ ಸೋಕಿತ್ತಲ್ಲ ತಮ್ಮಾ, ಪಾಪ. ತಾಯತ ಕಟ್ಸಿದ್ಮೇಲೆ ಬಿಡ್ತು, ಪುಣ್ಯ" ಅಂದಳು.

ದೆವ್ವ, ತಾಯತ ಎಂದರೆ ಅಪ್ಪನಿಗೆ ಮೊದಲೇ ಆಗದು. ತಲೆ ಎತ್ತದೆಯೇ ಹೇಳಿದ.

"ಗಾಳೀನೂ ಇಲ್ಲ, ತಾಯತಾನೂ ಇಲ್ಲ ಬಿಡಕ್ಕಾ. ಮೂರ್ಛೆ ಅದು. ಬಳ್ಳಾರಿ ಡಾಕ್ಟ್ರು ಗುಳಿಗೆ ಕೊಟ್ಟು ವಾಸಿ ಮಾಡಿದ್ರು."

ಲಾಳಿ ನಿಂತಿತು. ಅಡುಗೆ ಮನೆಯಲ್ಲಿ ಅವ್ವನ ಕೈಯ ಪಾತ್ರೆಯ ಸದ್ದೂ ನಿಂತಿತು. ಪೆದ್ದಮ್ಮ ಮಾತ್ರ ಏನೂ ಕೇಳಿಸದವಳಂತೆ ಸೆರಗು ಕೊಡವಿಕೊಂಡು ಎದ್ದು ಹೋದಳು. ಸಿಪ್ಪೆಯನ್ನೆಲ್ಲ ನಾನು ಗುಡಿಸಿದೆ.

ವಾರ ಕಳೆಯುವುದರೊಳಗೆ ರಾಂಪುರದವರು ಬೇಡವೆಂದು ಹೇಳಿ ಕಳಿಸಿದರು. ಅವ್ವ ಬೀದಿಯಲ್ಲಿ ನಿಂತು ಬೈದಳು. ಪೆದ್ದಮ್ಮನದು ಒಂದೇ ಮಾತು. ಅವರೇ ನನ್ನ ಮನೆ ಬಾಗಿಲಿಗೆ ಬಂದು ಕೇಳಿದರು, ಸುಳ್ಳು ಹೇಳಿ ನಾನು ಪಾಪ ಕಟ್ಟಿಕೊಳ್ಳಲಾ, ಎಂದಳು. ಆಮೇಲೆ ಬಂದ ಸಂಬಂಧಗಳೂ ಮುಂದುವರಿಯಲಿಲ್ಲ, ಸುದ್ದಿ ನಮಗಿಂತ ಮೊದಲೇ ಅವರನ್ನು ಮುಟ್ಟಿರುತ್ತಿತ್ತು. ಅಕ್ಕ ಮಗ್ಗಕ್ಕೆ ಕೂತಳು. ನೇಯ್ದದ್ದೆಲ್ಲ ಮದುವೆ ಸೀರೆಗಳೇ, ಬೇರೆಯವರ ಮದುವೆಗೆ. ಅಪ್ಪ ಮಗ್ಗದಲ್ಲಿ ಕೂತಾಗ ಯಾರೊಂದಿಗೂ ಮಾತಾಡುವುದನ್ನು ಬಿಟ್ಟ. ಸಾಯುವವರೆಗೂ ಹಾಗೇ ಇದ್ದ...

ನನ್ನ ಮೈ ಉರಿಯುವುದು ಇನ್ನೊಂದು ಕಾರಣಕ್ಕೆ. ಮಿಲ್ಲಿನಲ್ಲಿ ನಾನು ಅನ್ನ ಉಣ್ಣುತ್ತಿರುವುದು ಅವಳ ವಿದ್ಯೆಯಿಂದಲೇ. ಒಮ್ಮೆ ಲಾರಿಯಲ್ಲಿ ಹೋದ ಎಣ್ಣೆ ಡಬ್ಬಗಳು ಸೋರಿ ವಾಪಸು ಬಂದವು. ಯಾರ ಕೆಲಸ ಇದು ಎಂದು ಸಾಹುಕಾರರು ಕೂಗಾಡಿದರು. ಸಾಲಾಗಿ ನಿಂತಿದ್ದ ಆಳುಗಳ ಬಾಯಿಗೆ ಬೀಗ ಬಿತ್ತು. ಸಾಹುಕಾರರು ಒಳಗೆ ಹೋದ ಮೇಲೆ ನಾನು ಎಲ್ಲರಿಗೂ ಚಹಾ ತರಿಸಿ, ಡ್ರೈವರು ಗಾಡಿ ಎತ್ತಿಹಾಕಿ ಡಬ್ಬ ಒಡೆದನಂತೆ ಎಂದೆ. ಎಂದು ಸುಮ್ಮನಾದೆ. ಚಹಾ ಮುಗಿಯುವುದರೊಳಗೆ ಒಬ್ಬ ಬಾಯಿ ಬಿಟ್ಟ. ಡ್ರೈವರದೇನೂ ತಪ್ಪಿಲ್ಲ, ಮುಚ್ಚಳ ಬಿಗಿಯುವ ಮಿಷನ್ನೇ ಕೆಟ್ಟಿದೆ, ಹೇಳಿದರೆ ನಮ್ಮನ್ನೇ ಬೈತಾರೆ ಎಂದು ಹೇಳಲಿಲ್ಲ, ಎಂದ. ಅಂದಿನಿಂದ ಮಿಲ್ಲಿನಲ್ಲಿ ಏನು ಕೆಟ್ಟರೂ ವಿಚಾರಿಸುವ ಕೆಲಸ ನನ್ನದು. ಹೊಸಬರು ಸೇರಿದರೆ, ಜನರನ್ನು ಹೇಗೆ ಕೇಳಬೇಕೆಂದು ಮೇಡಂ ಹತ್ತಿರ ಕಲಿಯಿರಿ ಅನ್ನುತ್ತಾರೆ ಸಾಹುಕಾರರು. ನೀವೆಲ್ಲಿ ಕಲಿತಿರಿ ಎಂದು ಯಾರಾದರೂ ಕೇಳಿದರೆ ಮಾತು ಮರೆಸುತ್ತೇನೆ. ಆ ಹೆಂಗಸನ್ನು ಗುರು ಅನ್ನಲು ನನಗೆ ನಾಲಿಗೆ ಏಳುವುದಿಲ್ಲ. ಚಟ ಮನೆಗೂ ಬಂದಿದೆ. ಅಕ್ಕನಿಗೆ ಮಂಡಿನೋವು ಎಂದು ತಿಳಿದರೂ, ಈಗ ಆರಾಮಾಗಿ ಓಡಾಡುತ್ತೀಯಂತೆ ಎಂದೇ ಫೋನಿನಲ್ಲಿ ಶುರು ಮಾಡುತ್ತೇನೆ.

ಆ ವಿದ್ಯೆಯನ್ನು ಒಮ್ಮೆ ಅವಳ ಮೇಲೆಯೇ ಪ್ರಯೋಗಿಸಿದೆ. ಅಪ್ಪ ಅವ್ವ ಇಬ್ಬರೂ ಹೋಗಿಯಾಗಿತ್ತು. ಊರಿಗೆ ಹೋದಾಗ ಅವಳ ಮನೆಯ ಕಟ್ಟೆಯ ಮೇಲೆ ಕೂತು, ಅವಳು ಅಕ್ಕಿ ಆರಿಸುವುದನ್ನು ನೋಡುತ್ತ, ನಯವಾಗಿ ಮಾತು ತೆಗೆದೆ.

"ಅವರೇ ಬಂದು ಕೇಳಿದ್ರೆ ನೀನಾದ್ರೂ ಏನ್ ಮಾಡ್ತೀಯ ಪೆದ್ದಮ್ಮಾ. ಹುಡುಗನ ಅವ್ವಾನೇ ಬಸ್ಸತ್ತಿ ಬಂದಿದ್ಲಂತಲ್ಲ."

"ಅವಳೆಲ್ಲಿ ಬಂದ್ಲು. ನಾನೇ ರಾಂಪುರಕ್ಕೆ ಹೋಗಿದ್ದೆ" ಅಂದಳು. ಅವಳೂ ನೇಯುವ ಮನೆಯಲ್ಲಿ ಹುಟ್ಟಿದವಳೇ ಅಲ್ಲವೇ. ಹಾಗೆ ಅಂದುಬಿಟ್ಟ ಮೇಲೆ ಮೊರದಲ್ಲಿ ಅವಳ ಬೆರಳುಗಳು ನಿಂತವು.

ಯಾಕೆ ಹೋದೆ ಎಂದು ಕೇಳಿದೆ, ನೇರವಾಗಿ. ಅವಳು ಮೊರ ಎತ್ತಿಕೊಂಡು ಅಕ್ಕಿ ಕೇರತೊಡಗಿದಳು. ಉತ್ತರ ನನಗೆ ಬೇಕಾಗಿಯೂ ಇರಲಿಲ್ಲ. ಆ ವರ್ಷ ಅವಳ ಮಗಳಿಗೂ ಗಂಡು ನೋಡುತ್ತಿದ್ದರು, ಎಲ್ಲೂ ಕೂಡಿ ಬಂದಿರಲಿಲ್ಲ. ಹೊಟ್ಟೆಕಿಚ್ಚು, ಬೇರೇನಲ್ಲ. ನಿನ್ನ ಬಾಯಿಗೆ ಹುಳ ಬೀಳಲಿ ಎಂದು ಶಾಪ ಹಾಕಿ ಎದ್ದು ಬಂದೆ. ಅಕ್ಕನಿಗೆ ಎಲ್ಲವನ್ನೂ ಹೇಳಿ, ಇನ್ನು ಮೇಲೆ ಅವಳ ಮುಖಕ್ಕೆ ಬಾಗಿಲು ಹಾಕು ಎಂದೆ. ಅಕ್ಕ ಕೇಳಿಸಿಕೊಂಡಳು. ಬಾಗಿಲನ್ನು ಮಾತ್ರ ಹಾಕಲಿಲ್ಲ.

ಹೋದ ತಿಂಗಳು ಪೆದ್ದಮ್ಮ ಸತ್ತಳು. ಶನಿ ತೊಲಗಿತು ಅಂದುಕೊಂಡೇ ನಾನು ಮೊಳಕಾಲ್ಮೂರಿನ ಬಸ್ಸು ಹತ್ತಿದ್ದು, ಅದೂ ಅಕ್ಕ ಒಬ್ಬಳೇ ಇರುತ್ತಾಳೆ ಎಂದು. ಹೋಗಿ ನೋಡಿದರೆ ಅಕ್ಕ ಮಗ್ಗ ನಿಲ್ಲಿಸಿ, ಗೋಡೆಗೊರಗಿ ಅಳುತ್ತ ಕೂತಿದ್ದಳು. ನನಗೆ ಪಿತ್ತ ನೆತ್ತಿಗೇರಿತು. ನಿನ್ನ ಬಾಳು ಹಾಳು ಮಾಡಿದವಳಿಗೆ ಅಳುತ್ತೀಯಾ ಎಂದು ಬಾಯಿಗೆ ಬಂದಂತೆ ಅಂದೆ.

"ಹಾಳು ಮಾಡಿದ್ದು ಗೊತ್ತೈತೆ ನಂಗೆ. ಮಾಫಿ ಮಾಡೀನಿ ಅಂತ ಯಾರು ಹೇಳಿದ್ರು ನಿಂಗೆ?" ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. "ನಾನು ಒಬ್ಳೇ ಆದ್ಮೇಲೆ ದಿನಾ ಬಾಗ್ಲಲ್ಲಿ ನಿಂತು ಉಂಡ್ಯಾ ಅಂತ ಕೇಳೋಳು. ಅದರ ಹಿಂದೆ ಮುಂದೆ ಇನ್ನೊಂದು ಮಾತಿಲ್ಲ. ಉಂಡೆ ಅಂದ್ರೆ ಹೋಗೋಳು. ಹಂಗೆ ಇನ್ಯಾರು ಕೇಳ್ತಾರೆ ನನ್ನ?"

ಆ ಹೆಂಗಸಿನ ಮೇಲೆ ನನಗೆ ಇನ್ನಷ್ಟು ಸಿಟ್ಟು ಬಂತು. ಅಕ್ಕನ ಮದುವೆ ಕೆಡಿಸಿದ್ದು ಸಾಲದೆಂದು, ಸತ್ತು ಅವಳನ್ನು ಅಳಿಸಿಯೂ ಹೋದಳಲ್ಲ...

ಚಳ್ಳಕೆರೆಗೆ ವಾಪಸು ಬಂದ ಮಾರನೆಯ ದಿನ, ಮಿಲ್ಲಿನಲ್ಲಿ ಬುತ್ತಿ ಬಿಚ್ಚುವ ಮೊದಲು ಅಕ್ಕನಿಗೆ ಫೋನ್ ಮಾಡಿದೆ. ಉಂಡ್ಯಾ ಎಂದು ಕೇಳಿದೆ, ಮತ್ತೇನೂ ಕೇಳಲಿಲ್ಲ. ಆ ಕಡೆ ಮಗ್ಗದ ಸದ್ದು ನಿಂತಿತು. ಅಕ್ಕ ಕೇಳಿದಳು.

"ಯಾಕೆ, ನಿಂಗೇನು ತಿಳ್ಕೊಬೇಕಿತ್ತು?"